ಬೀಗರಿಗೆ ಕಳಿಸಿದ ಅಳತೆ

ಇನ್ನೊಬ್ಬರನ್ನು ಅಳೆಯುವುದು ಸುಲಭ. ನಾನು ಅದನ್ನು ನೌಕರಿಯಾಗಿಯೇ ಮಾಡಿದವನು. ಭೂಮಾಪಕನಾಗಿ ಬೈಲಹೊಂಗಲ, ಸವದತ್ತಿ ಸೀಮೆಯ ಹೊಲಗಳಲ್ಲಿ ಸರಪಳಿ ಎಳೆಯುತ್ತ ಕೂದಲು ಬೆಳ್ಳಗಾದವು, ನಿವೃತ್ತನೂ ಆದೆ. ಬದುವಿನ ಆಚೆ ಅಣ್ಣ, ಈಚೆ ತಮ್ಮ ನಿಂತು ಮೊಳ ನೆಲಕ್ಕಾಗಿ ಒಬ್ಬರನ್ನೊಬ್ಬರು ನುಂಗುವಂತೆ ನೋಡುತ್ತಿದ್ದಾಗಲೂ ಇದ್ದದ್ದನ್ನು ಇದ್ದಂತೆ ಹೇಳಿ, ಇಬ್ಬರ ಮನೆಯಲ್ಲೂ ಚಹಾ ಕುಡಿದು ಬಂದಿದ್ದೇನೆ. ಆ ಕೆಲಸದಿಂದ ನನಗೆ ಎರಡು ಗುಣಗಳು ಅಂಟಿಕೊಂಡವು. ಅಳತೆಯ ವಿಷಯದಲ್ಲಿ ಯಾರ ಮಾತನ್ನೂ ನಂಬದಿರುವುದು ಮತ್ತು ಎಂಥ ಸಣ್ಣ ಸಂಗತಿಗೂ ವಾದಕ್ಕೆ ನಿಲ್ಲುವುದು. ಎರಡನೆಯದನ್ನು ಗುಣ ಎಂದು ಕರೆಯುವವನು ಮನೆಯಲ್ಲಿ ನಾನೊಬ್ಬನೇ.

ಉದಾಹರಣೆಗೆ ದೊಡವಾಡದಲ್ಲಿ ನಡೆದ ನನ್ನ ತಂಗಿಯ ಮಗನ ಮದುವೆ. ಹೋಳಿಗೆಯ ಮೇಲೆ ಮೊದಲು ಹಾಲು ಬೀಳಬೇಕೋ ತುಪ್ಪ ಬೀಳಬೇಕೋ ಎಂಬುದನ್ನು ಹೆಣ್ಣಿನ ಕಡೆಯ ಹಿರಿಯರ ಜೊತೆ ನಾನು ಎಷ್ಟು ಆಳವಾಗಿ ಚರ್ಚಿಸಿದೆನೆಂದರೆ, ಅವರ ಕಡೆಯ ಇಡೀ ಒಂದು ಪಂಕ್ತಿ ಎಲೆ ಬಿಟ್ಟೆದ್ದು ಬಸ್‌ಸ್ಟ್ಯಾಂಡಿಗೆ ಹೋಯಿತು. ನಮ್ಮ ಬಂಧುಗಳಲ್ಲಿ ಆ ಮದುವೆಗೆ ಇಂದಿಗೂ ನನ್ನ ಹೆಸರೇ ಇದೆ, ಮದುಮಕ್ಕಳದ್ದಲ್ಲ. ಹಾಗಾಗಿ ನನ್ನ ಮಗಳು ಗೌರಿಯ ನೆಂಟಸ್ತನ ಕುದುರಿದಾಗ ಅವಳು ನನ್ನಲ್ಲಿ ಕೇಳಿಕೊಂಡದ್ದು ಒಂದೇ ಮಾತು. "ಅಪ್ಪಾ, ನನಗ ಬಂಗಾರ ಬ್ಯಾಡ, ಏನೂ ಬ್ಯಾಡ. ನಿಶ್ಚಯದ ದಿನಾ ನೀ ಬೀಗರ ಕೂಡ ವಾದಾ ಮಾಡಬ್ಯಾಡ, ಅಷ್ಟ ಸಾಕು."

ಅವಳು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಹುಡುಗ ಅವಳ ಜೊತೆಗೇ ಕಿತ್ತೂರಿನ ಶಾಲೆಯಲ್ಲಿ ಕಲಿಸುವವನು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ, ಬಹಳ ದಿನ ಕಾದು, ಧೈರ್ಯ ಬಂದ ಮೇಲೆ ಮನೆಯಲ್ಲಿ ಹೇಳಿದ್ದರು. ಹುಡುಗನ ತಂದೆಗೆ ರಾಮದುರ್ಗದಲ್ಲಿ ಅಡತಿ ವ್ಯಾಪಾರ, ರೈತರ ಮಾಲು ಸವಾಲು ಹಾಕಿ ಮಾರಿಸುವ ದಲಾಲಿ. ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಬಂದ ಧ್ವನಿ. ಅವರಿಗೆ ಫೋನ್ ಯಾತಕ್ಕೆ ಬೇಕು ಎಂದು ನನಗೆ ಅನಿಸುತ್ತಿತ್ತು. ಮದುವೆ ರಾಮದುರ್ಗದಲ್ಲೇ ಆಗಬೇಕು ಎಂದು ಅವರು, ಬೈಲಹೊಂಗಲದಲ್ಲೇ ಎಂದು ನಾನು. ಮೊದಲ ಸಲ ಮಾತಾಡಿದಾಗಲೇ ಗೌರಿ ನನ್ನ ಕೈಯಿಂದ ಫೋನ್ ಕಸಿದುಕೊಂಡಿದ್ದಳು, ಅತ್ತ ಹುಡುಗನೂ ಕಸಿದುಕೊಂಡಿದ್ದನಂತೆ. ನಡುವಿನ ಊರೆಂದು ಸವದತ್ತಿಯಲ್ಲಿ ನಿಶ್ಚಯ ಇಟ್ಟುಕೊಂಡು, ಅಲ್ಲಿ ಹಿರಿಯರ ಮುಂದೆ ಇದನ್ನು ತೀರ್ಮಾನಿಸುವುದು ಎಂದಾಗಿತ್ತು.

ನಮ್ಮಲ್ಲಿ ಬೀಗರು ಬೀಗರಿಗೆ ಬಟ್ಟೆ ಆಹೇರಿ ಮಾಡುವುದು, ಅಂದರೆ ಉಡುಗೊರೆ ಕೊಡುವುದು ರೂಢಿ. ಬರೀ ಬಟ್ಟೆ ಕೊಟ್ಟರೆ ಈಗ ಮರ್ಯಾದೆಯಲ್ಲ. ಅವರ ಅಂಗಿ, ಜಾಕೀಟನ್ನು ನಾವು ನಮ್ಮೂರ ದರ್ಜಿಯಿಂದ, ನಮ್ಮದನ್ನು ಅವರು ಅವರೂರ ದರ್ಜಿಯಿಂದ ಹೊಲಿಸಿ ಕಳಿಸಬೇಕು. ನಿಶ್ಚಯಕ್ಕೆ ಅದನ್ನೇ ತೊಟ್ಟು ಹೋಗಬೇಕು. ತೊಡದೆ ಹೋದರೆ ನೆಂಟಸ್ತನ ಒಲ್ಲೆ ಎಂದ ಹಾಗೆಯೇ. ಆದ್ದರಿಂದ ಬಟ್ಟೆಗಿಂತ ಮೊದಲು ಅಳತೆ ಪ್ರಯಾಣ ಮಾಡಬೇಕು. "ಒಂದ ಹಳೇ ಅಂಗಿ ಕಳಿಸಿಬಿಡೂಣು" ಎಂದಳು ನನ್ನ ಹೆಂಡತಿ ನೀಲಾ. ನಾನು ಒಪ್ಪಲಿಲ್ಲ. ಹಳೆಯ ಅಂಗಿ ಎಂದರೆ ಹಳೆಯ ಸಾಕ್ಷಿ, ಸ್ಥಳಕ್ಕೆ ಬಂದು ಅಳೆಯದೆ ಯಾವುದನ್ನೂ ಬರೆಯಬಾರದು ಎಂದೆ.

ಗೌರಿ ಕಿತ್ತೂರಿನಿಂದ ಒಂದು ವಿಡಿಯೋ ಕಳಿಸಿದಳು. ದಪ್ಪ ಬಟ್ಟೆಯ ಮೇಲೆ ಅಳೆಯಬಾರದು. ನೆಟ್ಟಗೆ ನಿಂತು ಮುಂದೆ ನೋಡಬೇಕು, ಟೇಪಿನ ಕಡೆ ಬಗ್ಗಬಾರದು. ಎದೆಯ ಸುತ್ತ, ಹೊಟ್ಟೆಯ ಸುತ್ತ ಟೇಪು ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಬೇಕು, ಅದರೊಳಗೆ ಒಂದು ಬೆರಳು ಆಡಬೇಕು. ತೋಳನ್ನು ತುಸು ಮಡಚಿ ಹೆಗಲ ಮೂಳೆಯಿಂದ ಮೊಣಕೈ ಮೇಲೆ ಹಾಯಿಸಿ ಮಣಿಕಟ್ಟಿನವರೆಗೆ ತೆಗೆದುಕೊಳ್ಳಬೇಕು. ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳಬಾರದು. ಎಲ್ಲವೂ ಶಾಸ್ತ್ರೀಯವಾಗಿತ್ತು, ನನಗೆ ಬಹಳ ಮೆಚ್ಚಿಗೆಯಾಯಿತು. ಕೊನೆಗೆ ಆ ವಿಡಿಯೋದ ಹೆಣ್ಣುಮಗಳು, ಉಸಿರನ್ನು ಎಂದಿನಂತೆ ಬಿಡುತ್ತಿರಿ ಎಂದಳು.

ಹೆಗಲು, ತೋಳು, ಕೊರಳು ಸುಸೂತ್ರವಾಗಿ ಮುಗಿದವು. ನೀಲಾ ಟೇಪನ್ನು ಹೊಟ್ಟೆಗೆ ಸುತ್ತಿದಳು. ಆಗ ನನಗೆ ಒಂದು ಯೋಚನೆ ಬಂತು. ಈ ಅಂಕಿ ರಾಮದುರ್ಗಕ್ಕೆ ಹೋಗುತ್ತದೆ. ಬೀಗರು ಓದುತ್ತಾರೆ, ಬೀಗತಿ ಓದುತ್ತಾಳೆ, ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂತವರೆಲ್ಲ ಓದುತ್ತಾರೆ. ನನ್ನನ್ನು ನೋಡುವುದಕ್ಕೆ ಮೊದಲೇ ನನ್ನ ಹೊಟ್ಟೆಯನ್ನು ಕೇಳಿರುತ್ತಾರೆ. ನಾನು ಬೇಕೆಂದು ಏನೂ ಮಾಡಲಿಲ್ಲ, ಹೊಟ್ಟೆ ತಾನಾಗಿ ಒಳಗೆ ಹೋಯಿತು.

"ಉಸರ ಬಿಡ್ರಿ" ಎಂದಳು ನೀಲಾ.

ಬಿಟ್ಟಿದ್ದೇನೆ ಎಂದು ಹೇಳಲು ಉಸಿರು ಬೇಕಾಗಿತ್ತು. ಆದ್ದರಿಂದ ತಲೆಯಾಡಿಸಿದೆ.

"ಇದು ನಿಮ್ಮ ಹೊಟ್ಟಿ ಅಲ್ಲ. ನಾ ದಿನಾ ನೋಡತೇನಿ."

ನಾನು ಗೋಡೆಯ ಕಡೆ ದೃಷ್ಟಿ ನೆಟ್ಟು ನಿಂತೆ. ಅವಳು ಸ್ವಲ್ಪ ಹೊತ್ತು ಕಾದು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ, ಟೇಪು ತೋರಿಸಿದ್ದನ್ನೇ ಬರೆದುಕೊಂಡು ಹೋದಳು. ಜನ್ಮವಿಡೀ ಊರವರ ಒತ್ತುವರಿ ತೆರವು ಮಾಡಿಸಿದವನು ನನ್ನ ಒತ್ತುವರಿಯನ್ನು ಹೀಗೆ ಮುಚ್ಚಿಟ್ಟೆ. ಅತ್ತಣಿಂದ ಬೀಗರ ಅಳತೆಯೂ ಬಂತು. ಪರವಾಗಿಲ್ಲ, ಮೈಕಟ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ನಿಶ್ಚಯದ ಹಿಂದಿನ ದಿನ ಬಟ್ಟೆ ಬಂದವು. ರೇಷ್ಮೆ ಅಂಗಿ, ಅದರ ಮೇಲೆ ಕೆನೆ ಬಣ್ಣದ ಜಾಕೀಟು. ಹೊಲಿಗೆಯಲ್ಲಿ ಒಂದು ದೋಷ ಹೇಳುವಂತಿರಲಿಲ್ಲ. ನಾನು ಕಳಿಸಿದ ಅಳತೆಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತೊಟ್ಟು ಗುಂಡಿ ಹಾಕಿಕೊಂಡೆ. ಉಸಿರು ಬಿಟ್ಟೆ. ಹೊಟ್ಟೆಯ ಮೇಲಿನ ಗುಂಡಿ ಹಾರಿ ಮಂಚದ ಕೆಳಗೆ ಹೋಯಿತು. ನೀಲಾ ಅದನ್ನು ಹುಡುಕಿ, ದಪ್ಪ ದಾರದಿಂದ ಹಚ್ಚಿದಳು. ಹೊಲಿಗೆ ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಬಟ್ಟೆ ಬಿಟ್ಟಿರಲಿಲ್ಲ. ಗೌರಿ ಬಾಗಿಲಲ್ಲೇ ನಿಂತಿದ್ದಳು. "ಇಷ್ಟು ದಿನಾ ನಿನ್ನ ಬಾಯಿಗಿ ಅಂಜಿದ್ನಿ. ಈಗ ಇದೂ ಬಂತು" ಎಂದು ಒಳಗೆ ಹೋದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಮಗಳ ಕಣ್ಣಲ್ಲಿ ನೀರು ತರಿಸಲು ಜಗಳವೇ ಬೇಕೆಂದಿಲ್ಲ, ಒಂದು ಜಾಕೀಟೂ ಸಾಕು.

ಸವದತ್ತಿಯಲ್ಲಿ ನಾನು ಕಾರಿನಿಂದ ಇಳಿದದ್ದು ತುಂಬಿದ ಕೊಡ ಹೊತ್ತವರ ಹಾಗೆ. ನಿಶ್ಚಯಕ್ಕೆ ಗೊತ್ತುಮಾಡಿದ್ದ ಮನೆಯ ಬಾಗಿಲಲ್ಲಿ ಬೀಗರು ಎದುರಾದರು. ನಾವು ಕಳಿಸಿದ ಜಾಕೀಟು ತೊಟ್ಟಿದ್ದರು, ಮುಖ ಕೆಂಪಗಿತ್ತು. ಆ ಧ್ವನಿಗೆ ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅವರು ಕೈ ಮುಗಿದು, "ಬರ್ರಿ" ಎಂದಷ್ಟೇ ಅಂದರು, ಅದೂ ಪಿಸುಮಾತಿನಲ್ಲಿ. ನಾನು "ಹೂಂ" ಎಂದೆ. ಜಮಖಾನೆಯ ಮೇಲೆ ಎದುರುಬದುರು ಕೂತೆವು. ಕೂರುವುದು ಇಬ್ಬರಿಗೂ ಬಹಳ ಹೊತ್ತು ಹಿಡಿಯಿತು.

ಅವರ ಕಡೆಯ ಹಿರಿಯರೊಬ್ಬರು ಸಿರಸಂಗಿಯಿಂದ ಬಂದಿದ್ದರು. ಮದುವೆ ಎಲ್ಲಿ ಎಂಬ ಮಾತನ್ನು ಅವರೇ ಎತ್ತಿದರು. ಗೌರಿ ಕಂಬದ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಬೈಲಹೊಂಗಲದ ಪರವಾಗಿ ನನ್ನ ಬಳಿ ವಾದಗಳು ಸಿದ್ಧವಿದ್ದವು. ಬಸ್ಸಿನ ಅನುಕೂಲ, ಅಡುಗೆಯವರು, ನೀರು. ಬಾಯಿ ತೆರೆದು ಉಸಿರೆಳೆದೆ. ಗುಂಡಿಯ ದಾರ ಕಿರ್ ಎಂದಿತು. "ನಿಮ್ಮ ಮರ್ಜಿ" ಎಂದೆ.

ಬೀಗರು ಏನೋ ಹೇಳಹೊರಟವರು ಜಾಕೀಟಿನ ಮೇಲೆ ಕೈಯಿಟ್ಟುಕೊಂಡರು. "ಅಲ್ರಿ... ನಿಮ್ಮ ಮರ್ಜಿ."

ಸಿರಸಂಗಿಯ ಹಿರಿಯರು ಸುತ್ತ ಕೂತವರನ್ನು ನೋಡಿದರು. "ನಾ ಇಷ್ಟ ನಿಶ್ಚಯ ಮಾಡಿಸೇನಿ, ಇಂಥಾ ಶಾಂತ ಬೀಗರನ್ನ ನೋಡಿಲ್ಲ. ಯಾರಿಗೂ ದೂರ ಆಗೂದ ಬ್ಯಾಡ, ಸವದತ್ತ್ಯಾಗ ಆಗಲಿ." ನಾವಿಬ್ಬರೂ ತಲೆಯಾಡಿಸಿದೆವು. ಊಟಕ್ಕೆ ಕೂತಾಗ ಇಬ್ಬರೂ ಒಂದು ಹೋಳಿಗೆಯನ್ನು ಮುರಿದು ಅರ್ಧ ಬಿಟ್ಟೆವು. ಮಿತಾಹಾರಿಗಳು ಎಂಬ ಹೆಸರೂ ಬಂತು. ಹಾಲು ಮೊದಲು ಬಿತ್ತೋ ತುಪ್ಪ ಮೊದಲು ಬಿತ್ತೋ ನಾನು ನೋಡಲಿಲ್ಲ. ಕಂಬದ ಹಿಂದೆ ಗೌರಿ ನಗುತ್ತಿದ್ದಳು, ಅದನ್ನು ನೋಡಿ ಉಸಿರು ಕಟ್ಟಿದ್ದರೂ ಸುಖವೆನಿಸಿತು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ನಲ್ಲಿಯ ಪಕ್ಕದಲ್ಲಿ ಬೀಗರು ಜಾಕೀಟಿನ ಗುಂಡಿಗಳನ್ನೆಲ್ಲ ಬಿಚ್ಚಿ, ಗೋಡೆಗೆ ಒರಗಿ ನಿಂತಿದ್ದರು. ಅವರ ಹೊಟ್ಟೆ ನನ್ನದಕ್ಕಿಂತ ಏನೂ ಕಡಿಮೆಯಿರಲಿಲ್ಲ. ನಾನೂ ಗುಂಡಿ ಬಿಚ್ಚಿದೆ. ಇಬ್ಬರೂ ಹೊಟ್ಟೆ ತುಂಬ ಉಸಿರಾಡಿದೆವು.

"ಅಳತಿ ತಗೊಳ್ಳೂವಾಗ ಉಸರ ಹಿಡದಿದ್ರೇನ್ರಿ?" ಎಂದೆ.

ಅವರು ನಲ್ಲಿಯನ್ನು ನೋಡುತ್ತ, "ನೀವು?" ಎಂದರು.

ನಾನು ಕೈ ತೊಳೆದುಕೊಂಡೆ. "ಒಳಗ ಹೇಳಬ್ಯಾಡ್ರಿ" ಎಂದರು ಬೀಗರು.

ಮದುವೆ ಸವದತ್ತಿಯಲ್ಲಿ ಸುಸೂತ್ರವಾಗಿ ಮುಗಿಯಿತು. ಈಗ ನಾವು ಸಡಿಲ ಅಂಗಿಯಲ್ಲಿ ಫೋನಿನಲ್ಲಿ ಮಾತಾಡುತ್ತೇವೆ, ಎರಡೂ ಮನೆಯವರು ಎದ್ದು ಹೊರಗೆ ಹೋಗುತ್ತಾರೆ. ಹೋದ ವಾರ ಗೌರಿಯ ಕುಬಸದ ಸುದ್ದಿ ಬಂತು. ಬಸುರಿಯ ಸೀಮಂತಕ್ಕೆ ನಮ್ಮಲ್ಲಿ ಕುಬಸ ಅನ್ನುತ್ತಾರೆ. ಅದು ಅವರ ಮನೆಯಲ್ಲೋ ನಮ್ಮಲ್ಲೋ ಎಂದು ನಾನೂ ಬೀಗರೂ ಆಗಲೇ ಶುರುಮಾಡಿದ್ದೇವೆ. ಇದಕ್ಕೂ ಬಟ್ಟೆ ಆಹೇರಿ ಉಂಟಾದ್ದರಿಂದ ನೀಲಾ ಟೇಪು ತಂದಳು. ನಾನು ಪಾಠ ಕಲಿತವನು. ನೆಟ್ಟಗೆ ನಿಂತು, ಮುಂದೆ ನೋಡುತ್ತ, ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟು, ಸರಾಗವಾಗಿ ಉಸಿರಾಡಿದೆ. ನೀಲಾ ಟೇಪು ಸುತ್ತಿದಳು, ಆದರೆ ಬರೆದುಕೊಳ್ಳಲಿಲ್ಲ.

"ಉಸರ ಒಳಗ ಹಿಡೀರಿ" ಎಂದಳು.

"ಯಾಕ? ಈ ಸಲ ಖರೇ ಅಳತಿ ಹೋಗಲಿ."

"ಬ್ಯಾಡ. ಬೀಗತಿ ಫೋನ್ ಮಾಡಿದ್ರು. ಅವರೂ ಅಲ್ಲೆ ಹಿಂಗ ಹಿಡಿಸಿ ತಗೊಳ್ಳಾಕ ಹತ್ತ್ಯಾರಂತ."

ನಾನು ಉಸಿರು ಹಿಡಿದೆ. ಅವಳು ಬರೆದುಕೊಂಡಳು.