ಮಾವನ ಸೀರೆ, ನನ್ನ ಫ್ಲ್ಯಾಶ್

ಹೆಂಡತಿಯ ಸೀರೆಗೆ ಇಸ್ತ್ರಿ ಮಾಡಿಕೊಡುವ ಸದ್ಬುದ್ಧಿ ಯಾವ ಗಂಡನಿಗೂ ಬಾರದಿರಲಿ. ನನಗೆ ಬಂದಿತು. ರಬಕವಿಯ ಮಾವ ಪಾಂಡಪ್ಪನವರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಎರಡು ತಿಂಗಳು ಕೈಮಗ್ಗದ ಮುಂದೆ ಕುಳಿತು ಮಗಳಿಗಾಗಿ ನೇಯ್ದ ಸೀರೆ ಅದು. ಅವಳು ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ನಾನು ಬಿಚ್ಚಿದೆ, ಸುಟ್ಟೆ. ಮರುದಿನವೇ ಜಮಖಂಡಿಯಿಂದ ಬನಹಟ್ಟಿಗೆ ಓಡಿ, ಅದೇ ಬಣ್ಣದ, ಅದೇ ಅಂಚಿನ ಪವರ್‌ಲೂಮ್ ಸೀರೆ ತಂದು ಟ್ರಂಕಿನಲ್ಲಿಟ್ಟೆ. (ಸುಟ್ಟದ್ದು ನನ್ನ ಆಫೀಸಿನ ಕಪಾಟಿನಲ್ಲಿ, ಹಳೆಯ ಫೈಲುಗಳ ಹಿಂದೆ ಅಜ್ಞಾತವಾಸದಲ್ಲಿದೆ.)

ನೇಕಾರನ ಮಗಳಾದರೂ ಶಾಲೆಯ ಟೀಚರಾದ ನನ್ನ ಹೆಂಡತಿ ಪೂರ್ಣಿಮಾಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನಾನು ನಿಶ್ಚಿಂತನಾಗಿದ್ದೆ, ಒಂದು ವಾರ.

"ಆ ಸೀರಿ ಉಟ್ಟ ಫೋಟೋ ಅಪ್ಪ ಕೇಳಾಕತ್ತಾನ್ರೀ. ಮೊಬೈಲಿನ್ಯಾಗ ಒಂದು ತಗೀರಿ."

ಮೊಬೈಲಿನ ಚಿತ್ರವನ್ನು ಮಾವ ಎರಡು ಬೆರಳಿನಿಂದ ಹಿಗ್ಗಿಸಿ ಎಳೆ ಎಣಿಸುತ್ತಾರೆ. "ಮೊಬೈಲ್ ಬ್ಯಾಡ. ಮಾವಾರಿಗೆ ರೀಲಿನ ಫೋಟೋನೇ ಛಲೋ," ಎಂದು ಅಟ್ಟದಿಂದ ನನ್ನ ಹಳೆಯ ಕ್ಯಾಮೆರಾ ಇಳಿಸಿದೆ.

ಗಲಗಲಿಯ ಹೊಳೆದಂಡೆಯಲ್ಲಿ ಅವಳನ್ನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದೆ. ತಲೆಯ ಮೇಲೆ ಸೆರಗು. ಮುಖವೂ ಸೀರೆಯೂ ಸುಖವಾಗಿ ನೆರಳಿನಲ್ಲಿದ್ದವು.

"ನನ್ನ ಮಾರಿ ಕತ್ತಲದಾಗ ಐತೆಲ್ರೀ. ಫ್ಲ್ಯಾಶ್ ಹಾಕ್ರಿ."

"ಹಾಡಹಗಲ ಯಾರು ಫ್ಲ್ಯಾಶ್ ಹಾಕ್ತಾರ?"

"ಬಿಸಲಾಗ ನೆರಳು ತುಂಬಾಕ ಫ್ಲ್ಯಾಶ್ ಬೇಕಂತ ನೀವೇ ಹೇಳಿದ್ರೆಲ್ಲಾ. ತಾಸಗಟ್ಲೆ ಹೇಳಿದ್ರಿ."

(ಹದಿನೆಂಟು ವರ್ಷಗಳಲ್ಲಿ ಆಕೆ ನನ್ನ ಉಪನ್ಯಾಸ ಕೇಳಿಸಿಕೊಂಡದ್ದು ಅದೊಂದೇ ಸಲ.)

ಬೆಳಕು ಒಳಬಿಡುವ ಲೆನ್ಸಿನ ಕಿಂಡಿ ಹದಿನಾರರ ಅಳತೆಯಲ್ಲಿತ್ತು, ಫ್ಲ್ಯಾಶಿನ ಗುಂಡಿಯನ್ನು ಹನ್ನೊಂದಕ್ಕೆ ತಿರುಗಿಸಿ ಅದಕ್ಕೆ ಸುಳ್ಳು ಹೇಳಿದೆ. ಹಾಗೆ ಮಾಡಿದರೆ ಅದು ಅರ್ಧ ಬೆಳಕನ್ನಷ್ಟೇ ಚೆಲ್ಲುತ್ತದೆ. ಮುಖ ಕಾಣಲಿ, ಎಳೆ ಕಾಣದಿರಲಿ ಎಂದು ದೇವರನ್ನು ನೆನೆದು ಒತ್ತಿದೆ.

ರೀಲು ತೊಳೆಯಲು ಕೊಲ್ಹಾಪುರಕ್ಕೆ ಹೋಯಿತು. ಹದಿನೈದು ದಿನ ನನಗೆ ರೊಟ್ಟಿ ಸೇರಲಿಲ್ಲ. ಫೋಟೋ ಕಪ್ಪಾದರೆ ಹೆಂಡತಿ ಬಿಡುವುದಿಲ್ಲ, ಚೆನ್ನಾಗಿ ಬಂದರೆ ಮಾವ ಬಿಡುವುದಿಲ್ಲ. ಒಂದು ಸಾಧಾರಣ ಫೋಟೋಗಾಗಿ ಹರಕೆ ಹೊತ್ತ ಛಾಯಾಗ್ರಾಹಕ ನಾನೊಬ್ಬನೇ ಇರಬೇಕು.

ಬಂದದ್ದು ನನ್ನ ಜೀವಮಾನದ ಮಹಾಕೃತಿ. ಆ ಅರ್ಧ ಬೆಳಕೇ ಹದವಾಗಿ ಕುಳಿತಿತ್ತು. ಹಿಂದೆ ಹೊಳೆ ಮಿನುಗುತ್ತಿತ್ತು, ನಗುಮುಖ ತಿಳಿಯಾಗಿತ್ತು, ಅಂಚಿನ ಎಳೆ ಎಳೆಯೂ ಎದ್ದು ಕಾಣುತ್ತಿತ್ತು. ಪೂರ್ಣಿಮಾ ಹಿಗ್ಗಿ ಅದನ್ನು ದೊಡ್ಡದು ಮಾಡಿಸಿದಳು.

ರಬಕವಿಯಲ್ಲಿ ಮಾವ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದರು. ಜೇಬಿನಿಂದ ಎಳೆ ಎಣಿಸುವ ಭೂತಗನ್ನಡಿ ತೆಗೆದು ಬಗ್ಗಿದರು. ಒಂದು ನಿಮಿಷವಾಯಿತು, ಎರಡಾಯಿತು. ತುಟಿ ಅಲುಗುತ್ತಿತ್ತು. ಎಳೆ ಎಣಿಸುತ್ತಿದ್ದಾರೆಂದೇ ತಿಳಿದೆ.

"ಮಾವಾರ, ತಪ್ಪಾತ್ರಿ," ಎಂದುಬಿಟ್ಟೆ. "ನಿಮ್ಮ ಸೀರಿ ಇಸ್ತ್ರಿ ಮಾಡಾಕ ಹೋಗಿ ಸುಟ್ಟೇನ್ರಿ. ಇದು ಪವರ್‌ಲೂಮಿಂದು. ಖರೇದು ನನ್ನ ಆಫೀಸಿನ್ಯಾಗ ಐತಿ."

ಮಾವ ತಲೆ ಎತ್ತಿದರು. ಕಣ್ಣು ಒದ್ದೆಯಾಗಿತ್ತು.

"ಸೀರಿ ಯಾರು ನೋಡ್ಯಾರ್ರೀ? ನಗೋದು ಥೇಟ್ ಅವರವ್ವನಂಗ ಐತಿ ಅಂತ ಮಗಳ ಮಾರಿ ನೋಡಾಕತ್ತಿದ್ದೆ."

"ಏನು ಸುಟ್ಟೀರಿ?" ಎಂದು ಹಿಂದಿನಿಂದ ಪೂರ್ಣಿಮಾಳ ದನಿ ಬಂತು. ಆಕೆಯ ಕೈಯಲ್ಲಿ ಚಹಾದ ತಾಟು ಇತ್ತು.

ಈಗ ಭಾನುವಾರಗಳಂದು ಮಾವನ ಮಗ್ಗದ ಪಕ್ಕ ಕುಳಿತು, ಎರಡನೆಯ ಸೀರೆಗೆ ನೂಲು ಸುತ್ತಿಕೊಡುತ್ತೇನೆ. ಕ್ಯಾಮೆರಾ ಪೂರ್ಣಿಮಾಳ ಕೊರಳಲ್ಲಿದೆ. ಮೊನ್ನೆ ಅವಳು ನನ್ನ ಫೋಟೋ ತೆಗೆಯುವಾಗ ಕಿಟಕಿ ನನ್ನ ಬೆನ್ನ ಹಿಂದಿತ್ತು.

"ಫ್ಲ್ಯಾಶ್ ಹಾಕು. ನನ್ನ ಮಾರಿ ಕರ್ರಗ ಬರ್ತೈತಿ," ಎಂದೆ.

"ಬರ್ಲಿ ಬಿಡ್ರಿ," ಎಂದು ಒತ್ತಿದಳು.