ಮಾವನವರ ಊಟಕ್ಕೆ ಮುಂಚೆ ನಡೆದ ಕುಸ್ತಿ

ಅವಮಾನ ಯಾವ ವೇಷದಲ್ಲಿ ಮನೆಗೆ ಬರುತ್ತದೆಂದು ಹೇಳಲಾಗದು. ನನ್ನ ಪಾಲಿಗೆ ಅದು ಕುಸ್ತಿಯ ಚಡ್ಡಿ ಹಾಕಿಕೊಂಡು, ಹತ್ತು ಕೈ ಬೀಸುತ್ತಾ, ಜಪಾನಿನಿಂದ ಹೊಳೆನರಸೀಪುರಕ್ಕೆ ಬಂತು. ಎಲ್ಲ ನಾನು ಹೇಳುವಷ್ಟು ಅಚ್ಚುಕಟ್ಟಾಗಿ ನಡೆದಿರಲಾರದು. ನೆನಪಿಗೆ ನನ್ನ ಮೇಲೆ ವಿಪರೀತ ಕರುಣೆ. ನಾನು ಸಣ್ಣವನಾದ ಕಡೆಯೆಲ್ಲ ಒಂದಿಷ್ಟು ತಮಾಷೆ ಸವರಿಬಿಡುತ್ತದೆ. ಆದ್ದರಿಂದ ನಗು ಬಂದಲ್ಲೆಲ್ಲ ನೀವು ಅನುಮಾನಪಡುವುದು ಒಳ್ಳೆಯದು.

ಹೆಂಡತಿ ವಾಣಿಯ ತಂದೆ ಚನ್ನರಾಯಪಟ್ಟಣದಲ್ಲಿ ಪುರೋಹಿತರು. ನಾವು ಮಲ್ಲಿಪಟ್ಟಣದ ಕಡೆಯ ಬೇಸಾಯದವರು, ಬಾಡೂಟದವರು. ಮದುವೆಯಾದಾಗಿನಿಂದ ಮಾವನವರು ನಮ್ಮ ಮನೆಗೆ ಬಂದಾಗಲೆಲ್ಲ ಹೊಟ್ಟೆ ಸರಿಯಿಲ್ಲವೆಂದು ನೀರೂ ಮುಟ್ಟದೆ ಬಸ್ಸು ಹತ್ತುತ್ತಿದ್ದರು. ಅಂಥ ಸಂಜೆಗಳಲ್ಲಿ ವಾಣಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಒಂದು ಭಾನುವಾರ ಮಾತ್ರ, "ಊಟಕ್ಕೇ ಬರ್ತೀನಿ" ಎಂದು ಅವರೇ ಫೋನ್ ಮಾಡಿದರು. ನಾನು ಅವ್ವನಿಗೆ, "ಇವತ್ತೊಂದಿನ ನೀನು ಒಲೆ ಹತ್ರ ಹೋಗ್ಬೇಡವ್ವ, ವಾಣಿನೇ ಮಾಡ್ಲಿ" ಎಂದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು, "ಆಯ್ತು ಬುಡಪ್ಪ" ಎಂದಳು.

ಊಟಕ್ಕೆ ಮುಂಚಿನ ಹೊತ್ತು ತುಂಬಿಸಲು ಬೆಳಿಗ್ಗೆಯೇ ಹಾಸನಕ್ಕೆ ಹೋಗಿ ಒಂದು ಜಪಾನಿ ಡಿವಿಡಿ ತಂದೆ. ಜಪಾನಿ ಸಿನಿಮಾ ಎಂದರೆ ಮುದುಕರು ಚಹಾ ಕುಡಿಯುತ್ತಾ ಕಿಟಕಿಯಾಚೆ ನೋಡುವುದು ಎಂಬುದು ನನ್ನ ಪಾಂಡಿತ್ಯ. ಕವರಿನ ಮೇಲೆ ಬರೀ ನೀಲಿ ಸಮುದ್ರ. ಮಾವ ಬಂದು ಕೂತ ಮೇಲೆ ಹಾಕಿದರೆ, ಕುಸ್ತಿಯ ಅಖಾಡ! ಅದರೊಳಗೆ ಆಳೆತ್ತರದ ರಬ್ಬರಿನ ಬೊಂಡಾಸ್, ಮಂಗಳೂರಿನ ಕಡೆ ಮಸಾಲೆ ಹಾಕಿ ಹುರಿಯುತ್ತಾರಲ್ಲ ಅದೇ ಹತ್ತು ಕೈಯ ಕಡಲಪ್ರಾಣಿ, ಒಂದು ಆಕ್ಟೋಪಸ್ಸನ್ನು ಎತ್ತಿ ಕುಕ್ಕುತ್ತಿದೆ.

"ಏನ್ರೀ ಇದು?" ಎಂದರು ಮಾವ.

"ಒಂಥರಾ... ಮತ್ಸ್ಯಾವತಾರ ಇದ್ದ ಹಾಗೆ."

"ಮತ್ಸ್ಯಕ್ಕೆ ಇಷ್ಟೊಂದು ಕೈ ಎಲ್ಲಿತ್ತು?"

ನಾನು ಟಿವಿ ಆರಿಸಲು ಎದ್ದೆ. ಅವರು ಕನ್ನಡಕ ಸರಿಮಾಡಿಕೊಂಡು, "ಇರಲಿ ಕೂತ್ಕೊಳ್ಳಿ, ಯಾರು ಗೆಲ್ತಾರೋ ನೋಡೋಣ" ಎಂದರು.

ಬಾಗಿಲ ಬಳಿ ನಿಂತಿದ್ದ ಅವ್ವನಿಗೂ ತಡೆಯಲಾಗಲಿಲ್ಲ. "ಅಯ್ಯೋ, ಅದ್ರ ಕಾಲ್ ಇಡ್ಕಳ್ಳಾ! ಬುಡ್ಬ್ಯಾಡ!" ಎಂದು ಕೂಗಿದಳು. ಮಾವ ಗಟ್ಟಿಯಾಗಿ ನಕ್ಕರು. ಆ ಹುರುಪಿನಲ್ಲೇ ಅವ್ವ, "ಲೇ, ಇಷ್ಟ್ ದಪ್ಪ ಇರಾದ್ನ ಸಾರು ಮಾಡಾಕೆ ಎಷ್ಟು ಖಾರ ಅರೀಬೇಕು ಕಣ್ಲಾ?" ಎಂದುಬಿಟ್ಟಳು.

"ಅವ್ವಂಗೆ ಏನೂ ಗೊತ್ತಾಗಲ್ಲ ಮಾವ, ಹಳ್ಳಿಯವಳು. ಅಡುಗೆಯೆಲ್ಲ ವಾಣಿದೇ. ಅವ್ವ ಒಲೆ ಮುಟ್ಟೇ ಇಲ್ಲ" ಎಂದು ಒಂದೇ ಉಸಿರಿಗೆ ಹೇಳಿದೆ. ಹಾಗೆ ಹೇಳುವಾಗ ನಾನು ಹಲ್ಲು ಕಿರಿಯುತ್ತಿದ್ದೆ ಎಂದು ವಾಣಿ ಇವತ್ತಿಗೂ ಸಾಧಿಸುತ್ತಾಳೆ. ನನಗೆ ನೆನಪಿಲ್ಲ. ಅವ್ವ ಒಳಗೆ ಹೋದದ್ದು ನೆನಪಿದೆ. ಕುಸ್ತಿ ಯಾರು ಗೆದ್ದರೋ ನೋಡಲಿಲ್ಲ.

ಎಲೆ ಹಾಕಿದರು. ಮಾವ ಸಾರನ್ನ ಕಲಸಿ ಒಂದು ತುತ್ತು ತಿಂದರು.

"ವಾಣಿ, ಇದು ನಿನ್ನ ಕೈ ಅಡುಗೆ ಅಲ್ಲ."

"ಇವರು ಹಾಸನಕ್ಕೆ ಹೋದಾಗ ನಂಗೆ ತಲೆಸುತ್ತು ಬಂತಪ್ಪ," ಎಂದಳು ವಾಣಿ. "ಎಲ್ಲ ಅತ್ತೆ ಮಾಡಿದ್ದು."

ಮಾವನವರ ಕೈ ಎಲೆಯ ಮೇಲೆಯೇ ನಿಂತಿತು. ನಾನು ಬಸ್ಸಿನ ವೇಳೆ ಲೆಕ್ಕ ಹಾಕತೊಡಗಿದೆ. ಆಮೇಲೆ ಅವರು, "ಇನ್ನೊಂದು ಸೌಟು ಹಾಕಮ್ಮ" ಎಂದರು.

ಸಾರಿನ ಪಾತ್ರೆ ಹಿಡಿದು ಅವ್ವನೇ ಬಂದಳು. ಅವರಿಗೆ ಬಡಿಸಿ, ನನ್ನ ಎಲೆಯ ಮುಂದೆ ಸೌಟು ಎತ್ತಿ ಹಿಡಿದೇ ನಿಂತಳು.

"ನಾ ಮಾಡಿದ್ದು ಕಣಪ್ಪ," ಎಂದಳು. "ನಿಂಗೆ ಆಯ್ತದಾ?"