ಮೊದಲ ಮಹಡಿಯ ವಿಚಾರ ಸಂಕಿರಣ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ 'ವಿದ್ವಾಂಸರು' ಎಂದು ಕರೆದರೆ ಸಾಕು, ಎಲ್ಲಿ, ಏನು ವ್ಯವಸ್ಥೆ ಎಂದು ಕೇಳದೆ ಒಪ್ಪಿಕೊಂಡುಬಿಡುತ್ತೇನೆ. ಗಾಲಿಕುರ್ಚಿಯಲ್ಲಿ ಓಡಾಡುವವಳು ಮೊದಲು ಕೇಳಬೇಕಾದದ್ದು 'ಮೆಟ್ಟಿಲು ಎಷ್ಟು?' ಎಂದು. ಇಂಡಿ ಪಟ್ಟಣದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳುತ್ತ, ಅಂಗವೈಕಲ್ಯ ಅಧ್ಯಯನದಲ್ಲಿ ದಪ್ಪನೆಯ ಪ್ರಬಂಧ ಬರೆದು ಡಾಕ್ಟರೇಟ್ ಗಿಟ್ಟಿಸಿದ್ದೇನೆ. ಆದರೂ ಹೊಗಳಿಕೆ ಕಿವಿಗೆ ಬಿದ್ದ ಕೂಡಲೇ ಆ ಪ್ರಶ್ನೆ ಮರೆತುಹೋಗುತ್ತದೆ.

ಹೋದ ತಿಂಗಳು ಸಿಂದಗಿಯ ಒಂದು ಕಾಲೇಜಿನವರು 'ಅಡೆತಡೆಗಳಿಲ್ಲದ ಸಮಾಜದತ್ತ' ಎಂಬ ವಿಚಾರ ಸಂಕಿರಣಕ್ಕೆ ಮುಖ್ಯ ಭಾಷಣ ಮಾಡಲು ಕರೆದರು. ಹೋದೆ. ಸಭಾಂಗಣ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಇಪ್ಪತ್ತೆರಡು, ಕೆಳಗೆ ಕೂತು ಎಣಿಸಲು ಬೇಕಾದಷ್ಟು ಪುರುಸೊತ್ತಿತ್ತು.

ಪ್ರಾಚಾರ್ಯರು ಓಡಿ ಬಂದರು. "ಚಿಂತಿ ಬಿಡ್ರಿ ಮೇಡಮ್ಮಾರ, ನಾಕು ಮಂದಿ ಕುರ್ಚಿ ಸಮೇತ ಎತ್ಕೊಂಡು ಒಯ್ತಾರ್ರಿ. ಹೂವಿನಂಗ ಒಯ್ತಾರ!"

ನಮ್ಮ ಕಡೆಯವರಿಗೆ ಅತಿಥಿಯನ್ನು ಹೊರುವುದೆಂದರೆ ಮರ್ಯಾದೆಯ ಮಾತು. ಬೇಡವೆಂದರೆ ಊಟ ಬೇಡವೆಂದಷ್ಟೇ ಬೇಜಾರು. ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಹಿಂದೊಮ್ಮೆ ಒಂದು ಲಗ್ನದಲ್ಲಿ ಹೀಗೇ ಎತ್ತಿಸಿಕೊಂಡಾಗ, ಅರ್ಧ ದಾರಿಯಲ್ಲಿ 'ಎಡಕ್ಕ ತಿರುಗಸಲೇ', 'ಏ, ಬಲಕ್ಕ' ಎಂದು ಹೊತ್ತವರಲ್ಲೇ ಜಗಳ ಹತ್ತಿ, ನಾನು ತಿಜೋರಿಯ ಹಾಗೆ ಗಾಳಿಯಲ್ಲಿ ನಿಂತಿದ್ದೆ. ಇವತ್ತೂ ಎತ್ತಿಸಿಕೊಂಡು ಹೋಗಿ ಘನತೆಯ ಬಗ್ಗೆ ಮಾತಾಡಿದರೆ ನನ್ನ ಇಷ್ಟು ವರ್ಷದ ಓದು ಮಣ್ಣುಪಾಲು.

"ನಾ ಮ್ಯಾಲ ಬರಂಗಿಲ್ರಿ ಸರ್. ಸಭಾನ ಕೆಳಗ ಬರಲಿ," ಎಂದೆ.

"ಅಯ್ಯ, ಬ್ಯಾನರ್ ಕಟ್ಟೀವ್ರಿ! ಗಣ್ಯರು ಕುಂತಾರ್ರಿ!"

"ಗಣ್ಯರಿಗೆ ಕಾಲು ಅದಾವಲ್ರಿ, ಇಳದ ಬರ್ತಾರ."

ಇದನ್ನು ಕೇಳಿ ಜವಾನ ರಾಜೇಸಾಬ ಗೊಳ್ಳೆಂದು ನಕ್ಕು, ಅಪ್ಪಣೆಗೂ ಕಾಯದೆ ಮೇಲೆ ಹೋಗಿ ಮೈಕನ್ನೇ ಕಿತ್ತು ತಂದ. ಮೈಕು ಇಳಿದ ಮೇಲೆ ಗಣ್ಯರು ಮೇಲೆ ಕೂತು ಏನು ಮಾಡಿಯಾರು? ಶಾಲು, ಹಾರ, ಬ್ಯಾನರು, ವಿದ್ಯಾರ್ಥಿಗಳು, ಎಲ್ಲ ದಡದಡ ಇಳಿದು ಅಂಗಳದ ಬೇವಿನ ಮರದ ಕೆಳಗೆ ನೆರೆದರು. ಡಾಕ್ಟರೇಟ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆ ಉಬ್ಬಿನಲ್ಲೇ ಭಾಷಣ ಬಿಗಿದೆ. ಕಚೇರಿ, ಬಸ್ ನಿಲ್ದಾಣಗಳ ಅಡೆತಡೆ ತೋರಿಸಲು ತಂದಿದ್ದ ದೊಡ್ಡ ಫೋಟೋಗಳನ್ನು ಒಂದೊಂದಾಗಿ ಎತ್ತಿ, "ನೋಡಿ, ವಿವರಿಸುವ ಅಗತ್ಯವೇ ಇಲ್ಲ," ಎಂದೆ. ಪ್ರತಿ ಫೋಟೋಕ್ಕೂ ಚಪ್ಪಾಳೆ. ಪ್ರಾಚಾರ್ಯರು ಎದ್ದು, "ಇನ್ನ ಮ್ಯಾಲೆ ನಮ್ಮ ಎಲ್ಲಾ ಸಭಾ ಕೆಳಗ!" ಎಂದು ಸಾರಿಯೇಬಿಟ್ಟರು. ಗೆದ್ದೆ ಎಂದುಕೊಂಡೆ.

ಆಗ ಮುಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದರು. ಮುದ್ದೇಬಿಹಾಳದ ಇತಿಹಾಸ ಅಧ್ಯಾಪಕರು. ನನ್ನದೇ ವಿಷಯದಲ್ಲಿ ಸಂಶೋಧನೆ ಮಾಡಿದವರು, ಹುಟ್ಟಿನಿಂದಲೇ ಕಣ್ಣು ಕಾಣದವರು.

"ಅಕ್ಕಾರ, ಭಾಷಣ ಭಾಳ ಚಲೋ ಆತ್ರಿ. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ಯಾತಕ್ಕ ಹೊಡದೆ ಅನ್ನೋದು ಒಂಚೂರು ಹೇಳ್ರಿ."

ನನ್ನ ಮುಖ ಕೆಂಪಾಯಿತು. ಮೊದಲ ಫೋಟೋವನ್ನು ಮತ್ತೆ ಎತ್ತಿಕೊಂಡು ಸಣ್ಣ ದನಿಯಲ್ಲಿ ಶುರು ಮಾಡಿದೆ: "ಇದರಾಗ ಒಂದು ಆಫೀಸ್ ಐತ್ರಿ ಸರ್. ಒಳಗ ಒಬ್ಬಾಕಿ ಅಧಿಕಾರಿ ಆರಾಮ ಕುಂತಾಳ್ರಿ. ಬಾಗಲ ಹೊರಗ ಯಾರು ಉಳದಾರ ಅನ್ನೋ ಖಬರ ಇಲ್ಲ ಆಕಿಗೆ."

"ಗೊತ್ತಾತ್ರಿ ಅಕ್ಕಾರ," ಎಂದರು ಅವರು, "ನಿಮ್ಮದ ಫೋಟೋ ಐತಿ."

ಅವತ್ತಿನ ಅತಿ ಜೋರಿನ ಚಪ್ಪಾಳೆ ಬಿದ್ದದ್ದು ಅದಕ್ಕೆ. ಎಲ್ಲರಿಗಿಂತ ಮೊದಲು ಹೊಡೆದವಳು ನಾನೇ.